ಹಳೆ ಕ್ಲಾಸಿನವರನ್ನು ಹಾಡಿನಿಂದ ಸೇರಿಸುವುದು ಹೇಗೆ

ನನ್ನದು ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರ ಮೈಕ್ ಸೆಟ್ಟಿನ ಅಂಗಡಿ. ಮದುವೆ, ಭಜನೆ, ಭೂತದ ಕೋಲ, ಯಕ್ಷಗಾನದ ಆಟ, ಶಾಲೆಯ ವಾರ್ಷಿಕೋತ್ಸವ, ಎಲ್ಲದಕ್ಕೂ ಮೈಕ್ ಕಟ್ಟುತ್ತಾ ಮೂವತ್ತು ವರ್ಷ ದಾಟಿತು. 1988ರಲ್ಲಿ ನಾವು ಕನ್ನಡ ಮಾಧ್ಯಮದಲ್ಲಿ ಹತ್ತನೇ ಕ್ಲಾಸು ಮುಗಿಸಿದವರು. ಒಟ್ಟು 41 ಜನ. ಅವರಲ್ಲಿ 34 ಜನ ಈಗ ಒಂದೇ ವಾಟ್ಸಾಪ್ ಗುಂಪಿನಲ್ಲಿದ್ದೇವೆ. ಪ್ರತಿ ಶನಿವಾರ ರಾತ್ರಿ ಯಾರಾದರೂ ಒಬ್ಬರು ಹಾಡುತ್ತಾರೆ. ಇದು ಹೇಗೆ ನಿಂತಿತು ಎಂದು ಬೇರೆ ಬ್ಯಾಚಿನವರು ಕೇಳುತ್ತಿರುತ್ತಾರೆ. ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ಮೊದಲು ಒಂದು ಸೋಲಿನ ಕಥೆ ಹೇಳಬೇಕು. ಈ ಗುಂಪಿಗಿಂತ ಮುಂಚೆ ನಮಗೆ ಇನ್ನೊಂದು ಗುಂಪು ಇತ್ತು. ಬೆಳಗ್ಗೆ ಹೂವಿನ ಚಿತ್ರ, ಮಧ್ಯಾಹ್ನ ರಾಜಕೀಯ, ರಾತ್ರಿ ಯಾರೋ ಎಲ್ಲಿಯೋ ಹಾಡಿದ ವೀಡಿಯೋ. ಹಾಡುಗಳು ಚೆನ್ನಾಗಿಯೇ ಇದ್ದವು. ಆದರೆ ಯಾರೂ ಕೇಳುತ್ತಿರಲಿಲ್ಲ. ಆರು ತಿಂಗಳಲ್ಲಿ ಗುಂಪು ಸತ್ತಿತು. 2019ರ ನವೆಂಬರ್ ಕೊನೆಗೆ ಕೇರಳ ಶಾಲಾ ಕಲೋತ್ಸವ ನಮ್ಮ ಜಿಲ್ಲೆಯ ಕಾಞಂಗಾಡಿನಲ್ಲಿ ನಡೆಯಿತು. ನಾನು ಯಕ್ಷಗಾನ ಸ್ಪರ್ಧೆ ನೋಡಲು ಹೋಗಿದ್ದೆ. ಪಕ್ಕದ ಕುರ್ಚಿಯಲ್ಲಿ ಒಬ್ಬ ಬೆರಳಲ್ಲಿ ತಾಳ ಹಾಕುತ್ತಾ ಕೂತಿದ್ದ. ಮುಖ ಗುರುತಾಗಲಿಲ್ಲ. ಅವನು ಸಣ್ಣಕ್ಕೆ ಪದ ಗುನುಗಿದ ಕೂಡಲೇ ಗೊತ್ತಾಯಿತು. ಕುಂಬಳೆಯಿಂದ ಬಸ್ಸಿನಲ್ಲಿ ಬರುತ್ತಿದ್ದ ಹುಡುಗ! ಯಕ್ಷಗಾನದ ಕವಿ ಪಾರ್ತಿಸುಬ್ಬನ ಊರಿನವ ಎಂದು ನಾವು ಅವನನ್ನು ಭಾಗವತರೇ ಎಂದು ಕರೆಯುತ್ತಿದ್ದೆವು. ಮೂವತ್ತೊಂದು ವರ್ಷದಲ್ಲಿ ತಲೆಗೂದಲು ಹೋಗಿತ್ತು, ಹೊಟ್ಟೆ ಬಂದಿತ್ತು, ಸ್ವರ ಮಾತ್ರ ಹಾಗೇ ಉಂಟು.

ಆಗಲೇ ನನಗೆ ಹೊಳೆಯಿತು. ಗುಂಪಿಗೆ ಬೇಕಾದದ್ದು ದೊಡ್ಡ ಗಾಯಕರ ಹಾಡಲ್ಲ, ನಮ್ಮ ನಮ್ಮ ಸ್ವರ. ನೀವೂ ಇದೊಂದು ನಿಯಮವನ್ನು ಗಟ್ಟಿಯಾಗಿ ಹಿಡಿಯಿರಿ. ಫಾರ್ವರ್ಡ್ ಬೇಡ. ಲಿಂಕ್ ಬೇಡ. ಹಾಕುವುದಾದರೆ ಸ್ವಂತ ದನಿಯಲ್ಲಿ ಹಾಡಿದ್ದು, ಸ್ವಂತ ಕೈಯಲ್ಲಿ ನುಡಿಸಿದ್ದು. ಹಾಡಲು ಬಾರದವರು ಹಾಡಿನ ನೆನಪನ್ನು ಬಾಯಲ್ಲಿ ಹೇಳಲಿ.

ಇನ್ನು ಜನರನ್ನು ಹುಡುಕುವುದು. ಫೇಸ್‌ಬುಕ್ಕಿನಲ್ಲಿ ಹೆಸರು ಹಾಕಿದರೆ ಸಿಗುತ್ತಾರೆ ಎಂದುಕೊಂಡರೆ ನಮ್ಮ ಕಡೆ ಅರ್ಧದಷ್ಟೂ ಸಿಗುವುದಿಲ್ಲ. ಇಂಗ್ಲಿಷಿನಲ್ಲಿ ಬರೆಯುವಾಗ ಮಲಯಾಳದ ರೂಢಿಯಂತೆ 'ತ' ಅಕ್ಷರಕ್ಕೆ ಟಿ ಜೊತೆ ಎಚ್ ಸೇರುತ್ತದೆ. ಬೆಂಗಳೂರಿಗೆ ಹೋದವರು ಕೆಲವರು ಆ ಎಚ್ ಬಿಟ್ಟಿದ್ದಾರೆ. ಮನೆ ಹೆಸರಿನ ಇನಿಶಿಯಲ್ ಕೆಲವರಲ್ಲಿ ಹಿಂದೆ, ಕೆಲವರಲ್ಲಿ ಮುಂದೆ. ಎಲ್ಲ ರೀತಿಯಲ್ಲೂ ಹಾಕಿ ನೋಡಿ. ಅದಕ್ಕಿಂತ ಒಳ್ಳೆಯ ದಾರಿ ಊರು ಹಿಡಿದು ಹುಡುಕುವುದು. ನಾವು ಶಾಲೆಯಲ್ಲೂ ಹಾಗೇ ಕರೆಯುತ್ತಿದ್ದೆವಲ್ಲ, ನೀರ್ಚಾಲಿನವ, ಪೆರ್ಲದವಳು, ಮುಳ್ಳೇರಿಯದವ ಎಂದು. ಒಂದು ಕಾಗದದಲ್ಲಿ ಊರುಗಳನ್ನು ಬರೆದು, ಆ ಊರಿನ ಕಿರಾಣಿ ಅಂಗಡಿಯಲ್ಲಿ, ಸೊಸೈಟಿಯಲ್ಲಿ, ದೇವಸ್ಥಾನದಲ್ಲಿ, ಮಸೀದಿಯ ಹತ್ತಿರದ ಚಾ ಅಂಗಡಿಯಲ್ಲಿ ಕೇಳಿ. ನಮಗೆ ಹತ್ತು ದಿನದಲ್ಲಿ 22 ಜನ ಸಿಕ್ಕಿದ್ದು ಹಾಗೆ.

ಮದುವೆಯಾಗಿ ಬೇರೆ ಊರಿಗೆ ಹೋದ ಹುಡುಗಿಯರನ್ನು ಹುಡುಕುವಾಗ ಸ್ವಲ್ಪ ಜಾಗ್ರತೆ ಬೇಕು. ತವರಿಗೆ ಹೋಗಿ ನಂಬರ್ ಕೇಳಬೇಡಿ. ನಿಮ್ಮ ನಂಬರ್ ಕೊಟ್ಟು ಬನ್ನಿ, ಮಾತಾಡಬೇಕು ಅನಿಸಿದರೆ ಅವರೇ ಮಾಡುತ್ತಾರೆ. ನಮ್ಮಲ್ಲಿ ಈ ಕೆಲಸವನ್ನು ಪೆರ್ಲದ ಗೆಳತಿ ವಹಿಸಿಕೊಂಡಳು. ಯಾರನ್ನೂ ಕೇಳದೆ ಗುಂಪಿಗೆ ಸೇರಿಸಲೇಬಾರದು ಎಂದು ಹಟ ಹಿಡಿದವಳು ಅವಳೇ. ಅದು ಸರಿ. ಸುಮ್ನೆ ಒಳಗೆ ಎಳೆದವರು ಒಂದು ವಾರದಲ್ಲಿ ಹೊರಗೆ ಹೋಗುತ್ತಾರೆ.

ಹೊಸಬರು ಬಂದ ದಿನ 'ಹೇಗಿದ್ದೀ, ಮಕ್ಕಳೆಷ್ಟು, ಕೆಲಸ ಎಂತದ್ದು' ಎಂದು ಮುತ್ತಿಕೊಳ್ಳಬೇಡಿ. ಆ ಪ್ರಶ್ನೆಗಳು ಎಲ್ಲರಿಗೂ ಸುಲಭ ಅಲ್ಲ. ಕೆಲಸ ಕಳಕೊಂಡವರು ಇರುತ್ತಾರೆ, ಮನೆಯಲ್ಲಿ ಕಷ್ಟ ಇರುವವರು ಇರುತ್ತಾರೆ. ನಾವು ಒಂದೇ ಪ್ರಶ್ನೆ ಕೇಳುತ್ತೇವೆ: ಶಾಲೆಯಲ್ಲಿ ನೀನು ಹಾಡಿದ ಅಥವಾ ಕೇಳಿದ ಯಾವ ಹಾಡು ಈಗಲೂ ನೆನಪುಂಟು? ಇದಕ್ಕೆ ಎಲ್ಲರಲ್ಲೂ ಉತ್ತರ ಇರುತ್ತದೆ. ಒಬ್ಬಳು ಬೆಳಗ್ಗಿನ ಪ್ರಾರ್ಥನೆಯ ಎರಡು ಸಾಲು ಹಾಡಿದಳು, ಮೂರನೆಯದು ಮರೆತುಹೋಯಿತು ಎಂದಳು. ಒಂದು ಗಂಟೆಯೊಳಗೆ ಮಸ್ಕತ್ತಿನಿಂದ ಒಬ್ಬ ಮೂರನೆಯದನ್ನು ಹಾಡಿ ಕಳಿಸಿದ. ಯುವಜನೋತ್ಸವಕ್ಕೆ ನಾವು ಕಲಿತ ಸಂಘಗಾನವನ್ನು ಹೀಗೆ ಏಳು ಜನರ ನೆನಪಿನಿಂದ ಪೂರ್ತಿ ಮಾಡಿದೆವು. ಕಲೋತ್ಸವಕ್ಕೆ ಆಗ ನಾವು ಹೇಳುತ್ತಿದ್ದ ಹೆಸರು ಯುವಜನೋತ್ಸವ.

ಭಾಷೆಗೆ ಬೇಲಿ ಹಾಕಬೇಡಿ. ಕಾಸರಗೋಡಿನ ಕ್ಲಾಸು ಎಂದರೆ ತುಳು, ಹವ್ಯಕ, ಕೊಂಕಣಿ, ಮರಾಠಿ, ಬ್ಯಾರಿ, ಮಲಯಾಳ ಎಲ್ಲ ಮಾತಾಡುವ ಮಕ್ಕಳು ಕನ್ನಡ ಪುಸ್ತಕ ಹಿಡಿದು ಕೂತ ಜಾಗ. ನಮ್ಮ ಗುಂಪಿನಲ್ಲಿ ಭಾವಗೀತೆಯಾದ ಮರುವಾರ ಮಲಬಾರಿನ ಮುಸ್ಲಿಮರ ಮಾಪಿಳ್ಳೆ ಪಾಟ್ಟು ಬರುತ್ತದೆ, ಅದರ ಮರುವಾರ ಗದ್ದೆಯಲ್ಲಿ ನೇಜಿ ನೆಡುವಾಗ ಹಾಡುವ ತುಳು ಹಾಡು ಓಬೇಲೆ. ಉಪ್ಪಳದವನು ತನ್ನ ಅಜ್ಜಿಯಿಂದ ಕಲಿತ, ಮುಸ್ಲಿಂ ಮದುವೆಮನೆಯ ಒಪ್ಪನದ ಹಾಡು ಹಾಡಿದಾಗ, ಹತ್ತು ವರ್ಷ ಒಟ್ಟಿಗೆ ಕೂತರೂ ಅವನ ಮನೆಯ ಹಾಡು ನಾವು ಕೇಳಿಯೇ ಇರಲಿಲ್ಲ ಎಂದು ಗೊತ್ತಾಯಿತು. ಸಾಹಿತ್ಯವನ್ನು ಕನ್ನಡ ಅಕ್ಷರದಲ್ಲಿ ಬರೆದು ಜೊತೆಗೆ ಹಾಕಿ. ಓದಿಕೊಂಡು ಕೇಳಿದರೆ ಬೇರೆಯೇ ಸುಖ.

ಈಗ ನನ್ನ ಕಸುಬಿನ ವಿಷಯಕ್ಕೆ ಬರುತ್ತೇನೆ. ಮೊಬೈಲಿನಲ್ಲಿ ಹಾಡು ರೆಕಾರ್ಡ್ ಮಾಡಲು ಸ್ಟುಡಿಯೋ ಬೇಡ, ಒಳ್ಳೆಯ ಕೋಣೆ ಸಾಕು. ಹಂಚಿನ ಮಾಡಿನ ಕೆಳಗೆ ಮಳೆಗಾಲದಲ್ಲಿ ಹಾಡಬೇಡಿ. ಬಟ್ಟೆ, ಹಾಸಿಗೆ, ಪರದೆ ಇರುವ ಮಲಗುವ ಕೋಣೆ ಒಳ್ಳೆಯದು. ಬಟ್ಟೆ ದನಿಯನ್ನು ಹೀರಿಕೊಳ್ಳುತ್ತದೆ, ಗೋಡೆಯಿಂದ ಮಾರ್ದನಿ ಬರುವುದಿಲ್ಲ. ಫ್ಯಾನು ನಿಲ್ಲಿಸಿ. ಮೊಬೈಲನ್ನು ಏರೋಪ್ಲೇನ್ ಮೋಡಿಗೆ ಹಾಕಿ, ಇಲ್ಲದಿದ್ದರೆ ಸರಿಯಾಗಿ ಚರಣದಲ್ಲೇ ಕಾಲ್ ಬರುತ್ತದೆ. ಮೊಬೈಲು ಬಾಯಿಂದ ಎರಡು ಗೇಣು ದೂರ ಇರಲಿ. ನೇರ ಎದುರು ಬೇಡ, ಸ್ವಲ್ಪ ಬದಿಗಿರಲಿ. ಆಗ 'ಪ', 'ಬ', 'ಫ' ಬರುವಲ್ಲಿ ಉಸಿರು ಬಡಿದು ಡಬ್ ಡಬ್ ಆಗುವುದಿಲ್ಲ. ವಾಟ್ಸಾಪಿನ ಮೈಕ್ ಗುರುತು ಒತ್ತಿ ಹಾಡಿದರೆ ದನಿ ಕುಗ್ಗುತ್ತದೆ. ಮಾತಿಗೆ ಅದು ಸಾಕು. ಹಾಡಾದರೆ ಮೊಬೈಲಿನ ರೆಕಾರ್ಡರಿನಲ್ಲಿ ಹಾಡಿ, ಆ ಫೈಲನ್ನು ಡಾಕ್ಯುಮೆಂಟ್ ಆಗಿ ಕಳಿಸಿ. ಇದ್ದ ಹಾಗೇ ಹೋಗುತ್ತದೆ.

ಒಟ್ಟಿಗೆ ಹಾಡಬೇಕು ಎಂಬ ಆಸೆ ಎಲ್ಲ ಗುಂಪಿಗೂ ಬರುತ್ತದೆ. ನಮಗೂ ಲಾಕ್‌ಡೌನಿನಲ್ಲಿ ಬಂತು. ದುಬೈಯವರಿಗೆ ವಾಟ್ಸಾಪ್ ಕರೆ ಸಿಗುತ್ತಿರಲಿಲ್ಲ, ಹಾಗಾಗಿ ಜೂಮ್ ಹಿಡಿದೆವು. ಹನ್ನೆರಡು ಜನ ಒಂದೇ ಭಜನೆ ಎತ್ತಿದೆವು. ಸಂತೆಯ ಗಲಾಟೆಯಂತೆ ಕೇಳಿತು. ಅದಕ್ಕೆ ಹಾಡಿದವರು ಕಾರಣ ಅಲ್ಲ. ಗಾಳಿಯಲ್ಲಿ ದನಿ ಸೆಕೆಂಡಿಗೆ ಸುಮಾರು 340 ಮೀಟರ್ ಹೋಗುತ್ತದೆ. ಜಾತ್ರೆಯಲ್ಲಿ ದೂರದ ಗುಡ್ಡೆಗೆ ಹಾರ್ನ್ ಕಟ್ಟಿದರೆ ಅಲ್ಲಿಂದ ಬರುವ ಹಾಡು ತಡವಾಗಿ ಕೇಳುವುದನ್ನು ನೀವು ಗಮನಿಸಿರಬಹುದು. ಇಂಟರ್ನೆಟ್ ಕರೆಯಲ್ಲಿ ಸೆಕೆಂಡಿನ ಐದನೇ ಒಂದು ಭಾಗ ತಡವಾದರೂ, ಇಬ್ಬರು 68 ಮೀಟರ್ ದೂರ ನಿಂತು ಒಂದೇ ತಾಳಕ್ಕೆ ಹಾಡಿದಂತೆ ಆಯಿತು. ತಾಳ ಕೂಡುವುದು ಹೇಗೆ? ಕರೆಯಲ್ಲಿ ಒಬ್ಬರೇ ಹಾಡಿ, ಉಳಿದವರು ಮ್ಯೂಟ್ ಮಾಡಿ ತಮ್ಮ ಮನೆಯಲ್ಲೇ ದನಿ ಸೇರಿಸಿ. ಇನ್ನೊಂದು ವಿಷಯ. ಹಿಂದೆ ಶ್ರುತಿ ಪೆಟ್ಟಿಗೆ ಹಾಕಿದರೆ ಅದು ಮಾಯವಾಗುತ್ತದೆ. ಒಂದೇ ಸಮನೆ ಬರುವ ದನಿಯನ್ನು ಫ್ಯಾನಿನ ಶಬ್ದ ಎಂದು ತಿಳಿದು ಜೂಮ್ ಅಳಿಸಿಬಿಡುತ್ತದೆ. ಆಡಿಯೋ ಸೆಟ್ಟಿಂಗಿನಲ್ಲಿ 'ಒರಿಜಿನಲ್ ಸೌಂಡ್' ಎಂದು ಇದೆ, ಅದನ್ನು ಆನ್ ಮಾಡಿ.

ನಿಜವಾಗಿ ಒಟ್ಟಿಗೆ ಹಾಡಿದ್ದು ಬೇಕಾದರೆ ಬೇರೆ ಬೇರೆ ಹಾಡಿ ಹೊಲಿಯಬೇಕು. ಮೊದಲು ಶ್ರುತಿ ನಿರ್ಧಾರ ಮಾಡಿ. ನಮ್ಮ ಭಾಗವತ ಹಾರ್ಮೋನಿಯಮ್ಮಿನ ಮನೆ ಲೆಕ್ಕದಲ್ಲಿ ಹೇಳುತ್ತಾನೆ, ಬಿಳಿ ಒಂದು, ಕಪ್ಪು ಎರಡು ಎಂದು. ಗಂಡಸರಿಗೆ ಬಿಳಿ ಒಂದು ಸರಿಯಾದರೆ ಹೆಂಗಸರಿಗೆ ಬಿಳಿ ಐದರ ಹತ್ತಿರ ಬೇಕಾಗುತ್ತದೆ. ಆದ್ದರಿಂದ ಪಲ್ಲವಿ ಒಬ್ಬರಿಗೆ, ಚರಣ ಇನ್ನೊಬ್ಬರಿಗೆ ಹಂಚುವ ಮುಂಚೆ ಇದನ್ನು ಯೋಚಿಸಿ. ಆಮೇಲೆ ಒಬ್ಬರು ತಾಳದೊಂದಿಗೆ ಪೂರ್ತಿ ಹಾಡಿ ಎಲ್ಲರಿಗೂ ಕಳಿಸಲಿ. ಶುರುವಿನಲ್ಲಿ ನಾಲ್ಕು ಚಪ್ಪಾಳೆ ಇರಲಿ. ಉಳಿದವರು ಒಂದು ಮೊಬೈಲಿನಲ್ಲಿ ಇಯರ್‌ಫೋನ್ ಹಾಕಿ ಅದನ್ನು ಕೇಳುತ್ತಾ, ಇನ್ನೊಂದು ಮೊಬೈಲಿನಲ್ಲಿ ತಮ್ಮ ದನಿ ರೆಕಾರ್ಡ್ ಮಾಡಲಿ. ಅದೇ ನಾಲ್ಕು ಚಪ್ಪಾಳೆಯನ್ನು ಅವರೂ ಹಾಕಲಿ. ಅಡಾಸಿಟಿ ಎಂಬ ಉಚಿತ ಸಾಫ್ಟ್‌ವೇರಿನಲ್ಲಿ ಎಲ್ಲ ಫೈಲುಗಳನ್ನು ಒಂದರ ಕೆಳಗೆ ಒಂದು ಇಟ್ಟರೆ ಚಪ್ಪಾಳೆಗಳು ಚೂಪಾದ ಗೆರೆಗಳಾಗಿ ಕಾಣುತ್ತವೆ. ಗೆರೆಗೆ ಗೆರೆ ಕೂಡಿಸಿದರೆ ಹಾಡು ಕೂಡುತ್ತದೆ. ನನ್ನ ಮೊದಲ ಹಾಡಿಗೆ ಮೂರು ರಾತ್ರಿ ಹಿಡಿಯಿತು. ಒಂಬತ್ತು ಜನರ ದನಿ ಒಟ್ಟಿಗೆ ಕೇಳಿದಾಗ ರಾತ್ರಿ ಒಂದು ಗಂಟೆ. ಹೆಂಡತಿಯನ್ನು ಎಬ್ಬಿಸಿ ಕೇಳಿಸಿದೆ.

ಹಳೆ ಕ್ಯಾಸೆಟ್ಟುಗಳು ಯಾರಲ್ಲಾದರೂ ಇರುತ್ತವೆ, ತಪ್ಪದೆ ಕೇಳಿ. ಆದರೆ ಸಿಕ್ಕಿದ ಕೂಡಲೇ ಹಾಕಿ ನೋಡಬೇಡಿ. ನಮ್ಮ ಕಡಲ ಬದಿಯ ತೇವಕ್ಕೆ ಟೇಪಿನ ಅಂಚಿನಲ್ಲಿ ಬಿಳಿ ಬೂಸ್ಟು ಹಿಡಿದಿರುತ್ತದೆ. ಕ್ಯಾಸೆಟ್ಟಿನ ಕಿಟಕಿಯಲ್ಲಿ ನೋಡಿದರೆ ಕಾಣುತ್ತದೆ. ಬೂಸ್ಟು ಇರುವುದನ್ನು ಒಳ್ಳೆಯ ಪ್ಲೇಯರಿಗೆ ಹಾಕಿದರೆ ಅದು ಹೆಡ್ಡಿಗೆ ಮೆತ್ತಿಕೊಂಡು ಮುಂದಿನ ಕ್ಯಾಸೆಟ್ಟಿಗೂ ಹೋಗುತ್ತದೆ. ಅಂಥದ್ದನ್ನು ಬೇರೆ ಇಡಿ, ತಿಳಿದವರಿಗೆ ಕೊಡಿ. ಸರಿ ಇರುವುದನ್ನು ಮೊದಲು ಒಮ್ಮೆ ಕೊನೆಯವರೆಗೆ ಓಡಿಸಿ, ತಿರುಗಿ ಹಿಂದೆ ಸುತ್ತಿ. ಅಂಟಿಕೊಂಡ ಸುತ್ತುಗಳು ಬಿಡುತ್ತವೆ. ಟೇಪಿನ ಹಿಂದೆ ಒಂದು ಸಣ್ಣ ಮೆತ್ತೆ ಇರುತ್ತದೆ, ಅದು ಬಿದ್ದು ಹೋದರೆ ದನಿ ಮಂಕಾಗುತ್ತದೆ. ಸ್ಕ್ರೂ ಇರುವ ಕ್ಯಾಸೆಟ್ಟಾದರೆ ಬಿಚ್ಚಿ, ಎರಡು ಸುರುಳಿಯನ್ನೂ ಬೇರೆ ಕ್ಯಾಸೆಟ್ಟಿನ ಚಿಪ್ಪಿಗೆ ಹಾಕಬಹುದು. ಪ್ಲೇಯರಿನ ಇಯರ್‌ಫೋನ್ ತೂತಿನಿಂದ ಕಂಪ್ಯೂಟರಿನ ಲೈನ್ ಇನ್ನಿಗೆ ಒಂದು ವಯರು ಕೊಟ್ಟು ಅಡಾಸಿಟಿಯಲ್ಲೇ ತುಂಬಿಸಿ. ಮೀಟರು ಕೆಂಪಿಗೆ ಹೋಗಬಾರದು. ಸಿ-60 ಕ್ಯಾಸೆಟ್ಟಿಗೆ ಬದಿಗೆ 30 ನಿಮಿಷದಂತೆ ಒಂದು ಗಂಟೆ ಬೇಕೇ ಬೇಕು, ಅವಸರ ಮಾಡಲಾಗುವುದಿಲ್ಲ. ಮೊದಲು ವೇವ್ ಫೈಲ್ ಮಾಡಿ ಎರಡು ಕಡೆ ಇಡಿ. ಗಂಟೆಗೆ ಸುಮಾರು 600 ಎಂಬಿ ಆಗುತ್ತದೆ. ಹಂಚಲು ಎಂಪಿ3 ಸಾಕು.

ನಮಗೆ ಸಿಕ್ಕಿದ್ದು 1988ರ ವಾರ್ಷಿಕೋತ್ಸವದ ಕ್ಯಾಸೆಟ್ಟು. ಆಗ ಶಾಲೆಗೆ ಮೈಕ್ ಕಟ್ಟಿದವರ ಬಳಿಯೇ ನಾನು ಕೆಲಸ ಕಲಿತದ್ದು. ಅವರ ಪೆಟ್ಟಿಗೆಯಲ್ಲಿ ಇತ್ತು. ಬಿ ಬದಿಯಲ್ಲಿ ಹಿಂದಿನ ಬೆಂಚಿನ ಗೆಳೆಯ ಹಾಡಿದ ಒಂದು ಹಾಡು ಉಂಟು. ಅವನು ಗಲ್ಫಿನಲ್ಲಿ ತೀರಿಹೋಗಿ ಹದಿನಾರು ವರ್ಷವಾಗಿತ್ತು. ಗುಂಪಿಗೆ ಹಾಕಲು ಕೈ ಹೋಗಿತ್ತು. ಆಮೇಲೆ ಬೇಡ ಅನಿಸಿ ಫೈಲನ್ನು ಪೆನ್‌ಡ್ರೈವಿಗೆ ಹಾಕಿ ಅಡೂರಿನ ಅವನ ಅಕ್ಕನ ಮನೆಗೆ ಹೋದೆ. ಅಕ್ಕ ಎರಡು ಸಲ ಕೇಳಿದರು. "ಇದು ನನ್ನ ಹತ್ತಿರ ಮಾತ್ರ ಇರಲಿ ಮಗಾ, ಈಗ ಯಾರಿಗೂ ಕೊಡಬೇಡ" ಎಂದರು. ನಾನು ಕೊಟ್ಟಿಲ್ಲ. ನಿಮಗೂ ಇಂಥದ್ದು ಸಿಕ್ಕಿದರೆ ಮೊದಲು ಮನೆಯವರ ಬಳಿಗೆ ಹೋಗಿ.

ಇನ್ನು ಎದುರಾಎದುರು ಸೇರುವುದು. ದಿನ ಗೊತ್ತು ಮಾಡುವಾಗ, ವರ್ಷದ ಆಟ, ಕೋಲ ಮುಗಿಯುವ ಪತ್ತನಾಜೆ ಕಳೆಯಲಿ. ಅಷ್ಟರವರೆಗೆ ಆಟದವರು, ಕೋಲದವರು, ನನ್ನಂಥ ಮೈಕ್‌ನವರು ಯಾರೂ ಪುರುಸೊತ್ತಿನಲ್ಲಿ ಇರುವುದಿಲ್ಲ. ಜೂನ್ ಒಂದರ ಹೊತ್ತಿಗೆ ಕೇರಳದಲ್ಲಿ ಶಾಲೆ ಶುರು, ಅದಕ್ಕೆ ಮುಂಚಿನ ಆದಿತ್ಯವಾರ ನಮಗೆ ಹೊಂದುತ್ತದೆ. ದುಬೈ, ಮಸ್ಕತ್ತಿನವರು ಬರಲಾಗದಿದ್ದರೆ ಅವರ ಒಂದೂವರೆ ಗಂಟೆ ಹಿಂದಿನ ಹೊತ್ತನ್ನು ಲೆಕ್ಕ ಹಾಕಿ ಕರೆಯಲ್ಲಿ ಸೇರಿಸಿ. ವೇದಿಕೆ, ಸನ್ಮಾನ, ಶಾಲು ಬೇಡ. ಅದು ಶುರುವಾದರೆ ಹಾಡಿಗೆ ಹೊತ್ತು ಉಳಿಯುವುದಿಲ್ಲ. ಕಳೆದ ವರ್ಷ ನಮ್ಮ ಮನೆಯ ಅಡಕೆ ಅಂಗಳದಲ್ಲಿ ಚಾಪೆ ಹಾಸಿ ಸುತ್ತಲೂ ಕೂತೆವು. 26 ಜನ ಬಂದಿದ್ದರು. ಮೈಕ್ ಎಲ್ಲಿ ಮಾರಾಯ, ನಿನ್ನ ಮನೆಯಲ್ಲೇ ಇಲ್ಲವಾ ಎಂದು ಕೇಳಿದರು. ನಾನು ಬೇಕೆಂದೇ ಕಟ್ಟಿರಲಿಲ್ಲ. ಮೈಕ್ ಇದ್ದರೆ ಒಬ್ಬ ಹಾಡುತ್ತಾನೆ, ಇಪ್ಪತ್ತೈದು ಜನ ಮಾತಾಡುತ್ತಾರೆ. ಇಲ್ಲದಿದ್ದರೆ ಕೇಳಲು ಹತ್ತಿರ ಸರಿಯಬೇಕಾಗುತ್ತದೆ. ನಡುವೆ ಒಂದು ಮೊಬೈಲು ರೆಕಾರ್ಡಿಗೆ ಇಟ್ಟು, ಶ್ರುತಿ ಪೆಟ್ಟಿಗೆಯನ್ನು ಭಾಗವತನ ಕೈಗೆ ಕೊಟ್ಟೆ. ಮೊದಲು ಎಲ್ಲರೂ ಪ್ರಾರ್ಥನೆ ಹೇಳಿದೆವು, ಮೂರನೇ ಸಾಲು ಸಮೇತ.