ಹತ್ತಿರದ ಕ್ಲಿನಿಕ್ಕಿನ ಆರೈಕೆ ಹೇಗಿದೆ ಎಂದು ತಿಳಿಯುವ ಬಗೆ

ನೀವು ಹೋಗುವ ಕ್ಲಿನಿಕ್ ಹೇಗಿದೆ ಎಂದು ಯಾರಾದರೂ ಕೇಳಿದರೆ, ಹೆಚ್ಚಿನವರ ಉತ್ತರ ವೈದ್ಯರ ಸೌಜನ್ಯ, ಕಾಯಬೇಕಾದ ಹೊತ್ತು ಮತ್ತು ಕಟ್ಟಡದ ಅಚ್ಚುಕಟ್ಟು ಇವುಗಳ ಸುತ್ತಲೇ ಇರುತ್ತದೆ. ಇವು ಕಡೆಗಣಿಸುವ ವಿಷಯಗಳಲ್ಲ; ಆದರೆ ಅಲ್ಲಿ ಸಿಗುವ ಚಿಕಿತ್ಸೆ ಸರಿಯಾದದ್ದೇ ಎಂಬುದನ್ನು ಇವು ಹೇಳುವುದಿಲ್ಲ. ಅವೆಡಿಸ್ ಡೊನಬೆಡಿಯನ್ ಎಂಬ ವೈದ್ಯರು 1966ರಲ್ಲಿ ಪ್ರಕಟಿಸಿದ ಲೇಖನವೊಂದರಲ್ಲಿ ಆರೈಕೆಯ ಗುಣಮಟ್ಟವನ್ನು ರಚನೆ (ಕಟ್ಟಡ, ಸಲಕರಣೆ, ಸಿಬ್ಬಂದಿ), ಪ್ರಕ್ರಿಯೆ, ಫಲಿತಾಂಶ ಎಂಬ ಮೂರು ನೆಲೆಗಳಲ್ಲಿ ನೋಡಬೇಕೆಂದು ಸೂಚಿಸಿದರು. ರೋಗಿಯಾದವರಿಗೆ ಇವುಗಳಲ್ಲಿ ಹೆಚ್ಚು ಉಪಯೋಗಕ್ಕೆ ಬರುವುದು ಪ್ರಕ್ರಿಯೆ, ಅಂದರೆ ಅಲ್ಲಿ ಏನು, ಯಾವ ಕ್ರಮದಲ್ಲಿ ನಡೆಯುತ್ತದೆ ಎಂಬುದು. ಫಲಿತಾಂಶವನ್ನು ನೆಚ್ಚಿಕೊಂಡರೆ ಮೋಸ ಹೋಗುವುದು ಸುಲಭ. ನೆಗಡಿಯಂಥ ಕಾಯಿಲೆಗಳು ಚೆನ್ನಾಗಿ ನೋಡಿದ ವೈದ್ಯರ ಬಳಿಯೂ, ನೋಡದ ವೈದ್ಯರ ಬಳಿಯೂ ತಾವಾಗಿಯೇ ವಾಸಿಯಾಗುತ್ತವೆ.

ಮೊದಲು ಗಮನಿಸಬೇಕಾದದ್ದು ನಿಮ್ಮ ಮಾತನ್ನು ಎಷ್ಟರಮಟ್ಟಿಗೆ ಕೇಳಿಸಿಕೊಳ್ಳುತ್ತಾರೆ ಎಂಬುದನ್ನು. 1984ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ರೋಗಿ ತನ್ನ ತೊಂದರೆಯನ್ನು ಹೇಳತೊಡಗಿದ ಸರಾಸರಿ 18 ಸೆಕೆಂಡುಗಳಲ್ಲಿ ವೈದ್ಯರು ನಡುವೆ ಬಾಯಿ ಹಾಕುತ್ತಿದ್ದರೆಂದು ಕಂಡುಬಂದಿತ್ತು. ಒಮ್ಮೆ ಹೀಗಾದರೆ ಅದು ಆ ದಿನದ ಒತ್ತಡವಿರಬಹುದು. ಪ್ರತಿ ಸಲವೂ ನಿಮ್ಮ ಮಾತು ಮುಗಿಯುವ ಮೊದಲೇ ಔಷಧದ ಚೀಟಿ ಸಿದ್ಧವಾಗುತ್ತಿದ್ದರೆ ಅದು ಅಲ್ಲಿನ ರೂಢಿ. ಬಳಿಕ ಪರೀಕ್ಷೆಯ ಕ್ರಮವನ್ನು ನೋಡಿ. ರಕ್ತದೊತ್ತಡವನ್ನು ಅಳೆಯುವ ರೀತಿಯೊಂದೇ ಸಾಕಷ್ಟನ್ನು ಹೇಳುತ್ತದೆ: ಸುಮಾರು ಐದು ನಿಮಿಷ ಸುಮ್ಮನೆ ಕೂರಿಸಿ, ಬೆನ್ನಿಗೆ ಆಸರೆ ಕೊಟ್ಟು, ಕಾಲುಗಳನ್ನು ನೆಲದ ಮೇಲೆ ಇರಿಸಿ, ತೋಳನ್ನು ಹೃದಯದ ಮಟ್ಟದಲ್ಲಿ ಇಟ್ಟು, ಮಾತಾಡಿಸದೆ, ತೋಳಿನ ಗಾತ್ರಕ್ಕೆ ಹೊಂದುವ ಪಟ್ಟಿಯನ್ನು ಬರಿಯ ತೋಳಿಗೆ ಸುತ್ತಿ ಅಳೆಯಬೇಕು. ಒಳಗೆ ಬಂದು ಕೂತ ಕ್ಷಣವೇ ಅಂಗಿಯ ತೋಳಿನ ಮೇಲೆಯೇ ಪಟ್ಟಿ ಸುತ್ತಿ, ಬಂದ ಒಂದೇ ಅಂಕಿಯನ್ನು ನಂಬಿ ಜೀವನಪರ್ಯಂತದ ಮಾತ್ರೆ ಬರೆದುಕೊಟ್ಟರೆ, ಆ ನಿರ್ಧಾರದ ಬುನಾದಿಯೇ ಸಡಿಲ.

ಔಷಧದ ಚೀಟಿ ಚಿಕ್ಕದಾಗಿದ್ದರೆ ನಿರಾಶರಾಗಬೇಡಿ. ನೆಗಡಿ, ಫ್ಲೂ ಇವು ವೈರಸ್‌ನಿಂದ ಬರುವುದರಿಂದ ಆಂಟಿಬಯಾಟಿಕ್‌ನಿಂದ ಗುಣವಾಗುವುದಿಲ್ಲ. ಅದನ್ನು ಬರೆಯದೆ, ಏಕೆ ಬೇಡವೆಂದು ವಿವರಿಸಿ, ಯಾವ ಲಕ್ಷಣ ಕಂಡರೆ ಮತ್ತೆ ಬರಬೇಕೆಂದು ಹೇಳಿ ಕಳಿಸುವ ವೈದ್ಯರು ಹೆಚ್ಚು ಕೆಲಸ ಮಾಡಿರುತ್ತಾರೆ. ಇಂಜೆಕ್ಷನ್ ಕೊಟ್ಟರೇ ಒಳ್ಳೆಯ ವೈದ್ಯರೆಂಬ ಎಣಿಕೆಯೂ ಇಂಥದ್ದೇ, ಮತ್ತು ಅದನ್ನು ಬೆಳೆಸಿದವರಲ್ಲಿ ರೋಗಿಗಳಾದ ನಮ್ಮ ಪಾಲೂ ಇದೆ. ಹೊಸ ಔಷಧ ಬರೆಯುವ ಮುನ್ನ ನಿಮಗೆ ಯಾವುದಕ್ಕೆ ಅಲರ್ಜಿ ಇದೆ, ಈಗಾಗಲೇ ಯಾವ ಮಾತ್ರೆಗಳನ್ನು ತೆಗೆದುಕೊಳ್ಳುತ್ತಿದ್ದೀರಿ ಎಂದು ಕೇಳುತ್ತಾರೆಯೇ ಎಂಬುದನ್ನೂ ಗಮನಿಸಿ.

ಆದರೆ ನನ್ನ ಎಣಿಕೆಯಲ್ಲಿ ಕ್ಲಿನಿಕ್ಕಿನ ನಿಜವಾದ ಯೋಗ್ಯತೆ ತಿಳಿಯುವುದು ನೀವು ಅಲ್ಲಿಲ್ಲದ ಸಮಯದಲ್ಲಿ, ಒಂದು ಭೇಟಿಗೂ ಇನ್ನೊಂದಕ್ಕೂ ನಡುವೆ. ರಕ್ತಪರೀಕ್ಷೆಗೆ ಕಳಿಸಿದ ಮೇಲೆ ಅದರ ವರದಿಯನ್ನು ಯಾರು ನೋಡುತ್ತಾರೆ, ಅಸಹಜವಾದದ್ದು ಇದ್ದರೆ ಅವರೇ ಕರೆ ಮಾಡುತ್ತಾರೆಯೇ ಅಥವಾ ನೀವು ವಿಚಾರಿಸುವವರೆಗೆ ಅದು ಕಡತದಲ್ಲಿಯೇ ಉಳಿಯುತ್ತದೆಯೇ ಎಂದು ನೇರವಾಗಿ ಕೇಳಿ. ತಜ್ಞರ ಬಳಿಗೆ ಕಳಿಸುವಾಗ ಕಾಯಿಲೆಯ ಇತಿಹಾಸವನ್ನು ಬರೆದ ಪತ್ರ ಕೊಡುತ್ತಾರೆಯೇ, ತಜ್ಞರು ಹೇಳಿದ್ದನ್ನು ಮುಂದಿನ ಭೇಟಿಯಲ್ಲಿ ಓದಿ ದಾಖಲಿಸಿಕೊಳ್ಳುತ್ತಾರೆಯೇ ಎಂಬುದೂ ಮುಖ್ಯ. ಮನೆಯಲ್ಲಿ ಸಕ್ಕರೆ ಕಾಯಿಲೆಯವರಿದ್ದರೆ ಕ್ಲಿನಿಕ್ಕನ್ನು ಹೀಗೆ ಅಳೆಯುವುದು ಇನ್ನೂ ಸುಲಭ. ಕಾಯಿಲೆ ಹತೋಟಿಯಲ್ಲಿದ್ದರೂ ಮೂರು ತಿಂಗಳ ಸರಾಸರಿ ಸಕ್ಕರೆಯನ್ನು ತೋರಿಸುವ ಎಚ್‌ಬಿಎ1ಸಿ ಪರೀಕ್ಷೆ ವರ್ಷಕ್ಕೆ ಎರಡು ಬಾರಿಯಾದರೂ ಆಗಬೇಕು; ಕಣ್ಣಿನ ಅಕ್ಷಿಪಟಲ (ರೆಟಿನಾ), ಪಾದಗಳ ಸ್ಪರ್ಶಜ್ಞಾನ ಮತ್ತು ಮೂತ್ರದಲ್ಲಿನ ಪ್ರೋಟೀನ್ ಇವುಗಳ ತಪಾಸಣೆ ಸಾಮಾನ್ಯವಾಗಿ ವರ್ಷಕ್ಕೊಮ್ಮೆ ನಡೆಯಬೇಕು. ವರ್ಷಗಟ್ಟಲೆ ಹೋಗಿಬಂದರೂ ಒಮ್ಮೆಯಾದರೂ ಚಪ್ಪಲಿ ಬಿಚ್ಚಿಸಿ ಪಾದ ನೋಡಿಲ್ಲವೆಂದರೆ, ಅಲ್ಲಿ ಮಾತ್ರೆ ಮುಂದುವರಿಸುವ ಕೆಲಸ ನಡೆಯುತ್ತಿದೆಯೇ ಹೊರತು ಆರೈಕೆ ನಡೆಯುತ್ತಿಲ್ಲ.

ಪ್ರತಿ ಸಲವೂ ಅದೇ ವೈದ್ಯರು ಸಿಗುತ್ತಾರೆಯೇ ಎಂಬುದು ಕೇವಲ ಅನುಕೂಲದ ಪ್ರಶ್ನೆಯಲ್ಲ. 2018ರಲ್ಲಿ ಬಿಎಂಜೆ ಓಪನ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾದ ವಿಮರ್ಶೆಯೊಂದು ಈ ಕುರಿತ 22 ಅಧ್ಯಯನಗಳನ್ನು ಒಟ್ಟಿಗೆ ನೋಡಿತು. ಅವುಗಳಲ್ಲಿ 18ರಲ್ಲಿ, ಒಬ್ಬರೇ ವೈದ್ಯರ ಆರೈಕೆ ಹೆಚ್ಚು ಕಾಲ ದೊರೆತವರಲ್ಲಿ ಮರಣ ಪ್ರಮಾಣ ಕಡಿಮೆಯಿತ್ತು. ಸಾವು ಕಡಿಮೆಯಾದದ್ದು ಅದೊಂದರಿಂದಲೇ ಎಂದು ಇದರಿಂದ ಸಾಬೀತಾಗುವುದಿಲ್ಲವಾದರೂ, ಇಬ್ಬರು ಸಮಾನ ಅರ್ಹತೆಯ ವೈದ್ಯರಿದ್ದಾಗ ಯಾರು ನಿಮಗೆ ನಿರಂತರವಾಗಿ ಸಿಗುತ್ತಾರೋ ಅವರನ್ನು ಆರಿಸಿಕೊಳ್ಳಲು ಇಷ್ಟು ಕಾರಣ ಸಾಕು.

ಸುರಕ್ಷತೆಯ ವಿಷಯದಲ್ಲಿ ಹೆಚ್ಚು ವಿವರಣೆ ಬೇಕಿಲ್ಲ: ರೋಗಿಯನ್ನು ಮುಟ್ಟುವ ಮುನ್ನ ಕೈ ಶುಚಿ ಮಾಡಿಕೊಳ್ಳಬೇಕು, ಸೂಜಿ ಮತ್ತು ಸಿರಿಂಜಿನ ಪೊಟ್ಟಣವನ್ನು ನಿಮ್ಮೆದುರೇ ಒಡೆಯಬೇಕು, ಫ್ರಿಜ್ಜಿನಲ್ಲಿಡುವ ಲಸಿಕೆಗಳು 2ರಿಂದ 8 ಡಿಗ್ರಿ ಸೆಲ್ಸಿಯಸ್ ನಡುವೆ ಇರಬೇಕು ಮತ್ತು ಆ ಉಷ್ಣತೆಯನ್ನು ದಿನವೂ ಬರೆದಿಡಬೇಕು. ವೈದ್ಯರ ಪದವಿ ಮತ್ತು ನೋಂದಣಿಯನ್ನು ವೈದ್ಯಕೀಯ ಮಂಡಳಿಯ ಪಟ್ಟಿಯಲ್ಲಿ ನೋಡಿಕೊಳ್ಳುವುದೂ ಅಷ್ಟೇ ಸರಳ.

ಬೇರೆಯವರ ಅಭಿಪ್ರಾಯ ಕೇಳುವುದಾದರೆ ಜ್ವರಕ್ಕೆ ಒಮ್ಮೆ ಹೋಗಿ ಬಂದವರನ್ನಲ್ಲ, ದೀರ್ಘಕಾಲದ ಕಾಯಿಲೆಗೆ ಅಲ್ಲಿಯೇ ಹೋಗುತ್ತಿರುವವರನ್ನು ಕೇಳಿ. ‘ಒಳ್ಳೆಯವರಾ?’ ಎಂದರೆ ‘ಒಳ್ಳೆಯವರೇ’ ಎಂಬ ಉತ್ತರ ಬರುತ್ತದೆ. ವರದಿಯಲ್ಲಿ ಏರುಪೇರಾದಾಗ ಏನು ಮಾಡಿದರು ಎಂದು ಕೇಳಿದರೆ ವಿಷಯ ಹೊರಬರುತ್ತದೆ. ಅಂತರ್ಜಾಲದಲ್ಲಿ ಜನರು ಕ್ಲಿನಿಕ್ಕಿಗೆ ಕೊಡುವ ನಕ್ಷತ್ರಗಳು ಬಹುಮಟ್ಟಿಗೆ ಕಾಯುವ ಸಮಯ ಮತ್ತು ಸ್ವಾಗತಕಾರರ ನಡವಳಿಕೆಯನ್ನು ಹೇಳುತ್ತವೆ ಎಂಬುದನ್ನು ನೆನಪಿನಲ್ಲಿಟ್ಟು ಓದಿ.

ಕೊನೆಯದಾಗಿ, ಒಂದು ಸಣ್ಣ ಅತೃಪ್ತಿಯನ್ನು ವಿನಯದಿಂದ ಹೇಳಿ ನೋಡಿ; ತಡವಾದ ವರದಿಯಾಗಲಿ, ಅರ್ಥವಾಗದ ಚೀಟಿಯಾಗಲಿ ಆದೀತು. ವಿಚಾರಿಸಿ ತಿಳಿಸುತ್ತೇವೆಂದು ಹೇಳಿ ಹಾಗೆಯೇ ತಿಳಿಸಿದರೆ ಅಲ್ಲಿಯೇ ಮುಂದುವರಿಯಬಹುದು. ಕೇಳಿದ್ದೇ ತಪ್ಪೆಂಬಂತೆ ವರ್ತಿಸಿದರೆ, ಮತ್ತೊಬ್ಬ ವೈದ್ಯರನ್ನು ಹುಡುಕುವ ಮೊದಲು ನಿಮ್ಮ ಪರೀಕ್ಷಾ ವರದಿಗಳು, ಔಷಧಗಳ ಪಟ್ಟಿ ಮತ್ತು ಲಸಿಕೆಯ ದಾಖಲೆ ಇವುಗಳ ಪ್ರತಿಯನ್ನು ಕೇಳಿ ಪಡೆದುಕೊಳ್ಳಿ.