ಮೂರು ರಿಪೋರ್ಟು, ಮೂರು ಉತ್ತರ: ಲಿವರ್ ಫೈಬ್ರೋಸಿಸ್ ಗೊಂದಲವನ್ನು ನಾನು ಬಿಡಿಸುವ ರೀತಿ

ಹೆಪಟೈಟಿಸ್ ಬಿ ಅಥವಾ ಸಿ ಇರುವವರು ನನ್ನ ಹತ್ತಿರ ತರುವ ಪ್ರಶ್ನೆ ಹೆಚ್ಚುಕಮ್ಮಿ ಒಂದೇ: "ಡಾಕ್ಟ್ರೇ, ಒಂದು ರಿಪೋರ್ಟ್ ಲಿವರ್ ಚೆನ್ನಾಗಿದೆ ಅನ್ನುತ್ತೆ, ಇನ್ನೊಂದು ಸಿರೋಸಿಸ್ ಅನ್ನುತ್ತೆ. ಯಾವುದನ್ನ ನಂಬಲಿ?"

ನಾನು ಯಾವುದನ್ನೂ ತಕ್ಷಣ ನಂಬುವುದಿಲ್ಲ. ಸರಾಸರಿ ತೆಗೆಯುವುದೂ ಇಲ್ಲ. ಯಾಕೆ ಹೀಗೆ ಬೇರೆ ಬೇರೆ ಬಂತು ಎಂದು ಹುಡುಕುತ್ತೇನೆ.

ಫೈಬ್ರೋಸಿಸ್ ಅಂದರೆ ಲಿವರ್‌ನಲ್ಲಿ ಗಾಯದ ಕಲೆಯಂತೆ ನಾರು ಬೆಳೆಯುವುದು, ಅದು ತೀರಾ ಹೆಚ್ಚಾದ ಹಂತವೇ ಸಿರೋಸಿಸ್. ಇದನ್ನು ಅಂದಾಜಿಸುವ ಫೈಬ್ರೋಸ್ಕ್ಯಾನ್, ಫಿಬ್-4, ಎಪ್ರಿ ಯಾವುದೂ ಆ ನಾರನ್ನು ನೇರವಾಗಿ ನೋಡುವುದಿಲ್ಲ. ಫೈಬ್ರೋಸ್ಕ್ಯಾನ್ ಅಳೆಯುವುದು ಲಿವರ್ ಎಷ್ಟು ಗಟ್ಟಿ ಎಂಬುದನ್ನು, ಕಿಲೋಪ್ಯಾಸ್ಕಲ್ ಲೆಕ್ಕದಲ್ಲಿ. ನಾರು ಬೆಳೆದರೆ ಲಿವರ್ ಗಟ್ಟಿಯಾಗುತ್ತದೆ, ನಿಜ. ಆದರೆ ಉರಿಯೂತ ಜಾಸ್ತಿಯಾದರೂ, ಪಿತ್ತ ಹರಿಯುವ ದಾರಿ ಕಟ್ಟಿಕೊಂಡರೂ, ಹಾರ್ಟ್ ಫೇಲ್ಯೂರ್‌ನಿಂದ ಲಿವರ್‌ನಲ್ಲಿ ರಕ್ತ ನಿಂತರೂ, ಊಟ ಮಾಡಿ ನೇರ ಪರೀಕ್ಷೆಗೆ ಬಂದರೂ ಅಂಕಿ ಏರುತ್ತದೆ. ಫಿಬ್-4 ಅನ್ನುವುದು ವಯಸ್ಸು, ಎಎಸ್‌ಟಿ, ಎಎಲ್‌ಟಿ (ಲಿವರ್‌ಗೆ ಪೆಟ್ಟಾದಾಗ ರಕ್ತದಲ್ಲಿ ಏರುವ ಎರಡು ಕಿಣ್ವಗಳು), ಪ್ಲೇಟ್‌ಲೆಟ್ ಸೇರಿಸಿ ಮಾಡುವ ಲೆಕ್ಕ. ಎಪ್ರಿ ಎಂಬ ಲೆಕ್ಕಕ್ಕೆ ಎಎಸ್‌ಟಿ ಮತ್ತು ಪ್ಲೇಟ್‌ಲೆಟ್ ಸಾಕು.

ಹೆಪಟೈಟಿಸ್ ಬಿ ಇದ್ದ 29 ವರ್ಷದ ಒಬ್ಬರ ವಿಷಯ ಹೇಳುತ್ತೇನೆ. ಎಎಸ್‌ಟಿ 180, ಎಎಲ್‌ಟಿ 400, ಪ್ಲೇಟ್‌ಲೆಟ್ 2.4 ಲಕ್ಷ. ಫೈಬ್ರೋಸ್ಕ್ಯಾನ್ 13.2. ಎಪ್ರಿ 1.88. ವಿಶ್ವ ಆರೋಗ್ಯ ಸಂಸ್ಥೆಯ 2024ರ ಮಾರ್ಗಸೂಚಿಯ ಪ್ರಕಾರ ಫೈಬ್ರೋಸ್ಕ್ಯಾನ್ 12.5 ದಾಟಿದರೆ ಅಥವಾ ಎಪ್ರಿ 1 ದಾಟಿದರೆ ಸಿರೋಸಿಸ್ ಎಂದು ಹಿಡಿಯಬಹುದು. ಎರಡೂ ದಾಟಿದ್ದವು. ಆದರೆ ಫಿಬ್-4 ಬಂದಿದ್ದು 1.09. ಹಳೆಯ ಗಡಿ 1.45ಕ್ಕಿಂತ ಕಡಿಮೆ, ಅಂದರೆ ಹೆಚ್ಚಿನ ಫೈಬ್ರೋಸಿಸ್ ಇಲ್ಲ!

ಎರಡು ಓಟು ಒಂದು ಕಡೆ, ಒಂದು ಓಟು ಇನ್ನೊಂದು ಕಡೆ ಎಂದು ತೀರ್ಮಾನಿಸುವ ಹಾಗಿಲ್ಲ. ಎಎಲ್‌ಟಿ ಸಾಮಾನ್ಯ ಮಿತಿಯ ಹತ್ತು ಪಟ್ಟು ಏರಿರುವಾಗ ಉರಿಯೂತವೇ ಫೈಬ್ರೋಸ್ಕ್ಯಾನ್ ಅಂಕಿಯನ್ನೂ ಎಪ್ರಿಯನ್ನೂ ಒಟ್ಟಿಗೆ ಮೇಲೆತ್ತುತ್ತದೆ. ಹಾಗಾಗಿ ಅವೆರಡೂ ಒಂದಕ್ಕೊಂದು ಸಾಕ್ಷಿ ಅಲ್ಲ. ಇತ್ತ ಫಿಬ್-4ನಲ್ಲಿ ವಯಸ್ಸಿನಿಂದ ಗುಣಿಸುತ್ತೇವೆ. 35ರ ಒಳಗಿನವರಲ್ಲಿ ಅದು ಸುಮ್ನೆ ಕಡಿಮೆ ಬರುತ್ತದೆ. ಅದರ ಸಮಾಧಾನದ ಮಾತನ್ನೂ ನಂಬುವಂತಿರಲಿಲ್ಲ. ವೈರಸ್ ಪ್ರಮಾಣ ನೋಡಿ, ವೈರಸ್ ತಗ್ಗಿಸುವ ಟೆನೊಫೊವಿರ್ ಮಾತ್ರೆ ಶುರು ಮಾಡಿದೆವು. ಔಷಧಿಗೆ ಹೇಗೂ ಕಾರಣವಿತ್ತು, ಅದಕ್ಕಾಗಿ ಫೈಬ್ರೋಸಿಸ್ ಹಂತ ಗೊತ್ತಾಗುವವರೆಗೆ ಕಾಯಬೇಕಿರಲಿಲ್ಲ. ಎಎಲ್‌ಟಿ 36ಕ್ಕೆ ಇಳಿದು ಕೆಲವು ತಿಂಗಳು ಹಾಗೇ ನಿಂತ ಮೇಲೆ ಎಲ್ಲವನ್ನೂ ಮತ್ತೆ ಮಾಡಿಸಿದೆವು. ಫೈಬ್ರೋಸ್ಕ್ಯಾನ್ 6.4, ಎಪ್ರಿ 0.31, ಫಿಬ್-4 0.6. ಮೂರೂ ಒಂದೇ ಮಾತು ಹೇಳಿದವು.

ವಯಸ್ಸಾದವರಲ್ಲಿ ಇದು ತಿರುಗುಮುರುಗು. ಫೈಬ್ರೋಸ್ಕ್ಯಾನ್ 6 ಇದ್ದರೂ ಫಿಬ್-4 ಮೇಲೆ ಹೋಗಿರುತ್ತದೆ. ಆಗ ನಾನು ಪ್ಲೇಟ್‌ಲೆಟ್ ಮೇಲೆ ಕಣ್ಣಿಡುತ್ತೇನೆ, ಅದು ಕಡಿಮೆಯಾದಷ್ಟೂ ಫಿಬ್-4 ಏರುತ್ತದೆ. ಕೆಲವರ ರಕ್ತದಲ್ಲಿ ಇಡಿಟಿಎ (ರಕ್ತ ಹೆಪ್ಪುಗಟ್ಟದಂತೆ ತಡೆಯುವ ರಾಸಾಯನಿಕ) ಇರುವ ಟ್ಯೂಬಿನೊಳಗೆ ಪ್ಲೇಟ್‌ಲೆಟ್‌ಗಳು ಅಂಟಿಕೊಂಡು ಲೆಕ್ಕ ಕಡಿಮೆ ಬರುತ್ತದೆ. ಸಿಟ್ರೇಟ್ ಟ್ಯೂಬಿನಲ್ಲಿ ಮತ್ತೆ ಮಾಡಿಸಿದರೆ ನಿಜ ತಿಳಿಯುತ್ತದೆ. ಫೈಬ್ರೋಟೆಸ್ಟ್ ಎಂಬ ಇನ್ನೊಂದು ರಕ್ತ ಪರೀಕ್ಷೆ ಒಂದೇ ಏರಿದ್ದರೆ, ಬಿಲಿರುಬಿನ್ ಏರಿಸುವ ಗಿಲ್ಬರ್ಟ್ ಸಿಂಡ್ರೋಮ್ ಅಥವಾ ರಕ್ತಕಣ ಒಡೆಯುವ ಕಾಯಿಲೆ ಇದೆಯಾ ಎಂದು ನೋಡಬೇಕು.

ಫೈಬ್ರೋಸ್ಕ್ಯಾನ್ ರಿಪೋರ್ಟಿನ ದೊಡ್ಡ ಅಂಕಿಗಿಂತ ಮೊದಲು ಚಿಕ್ಕ ಅಕ್ಷರ ಓದುತ್ತೇನೆ. ಸರಿಯಾದ 10 ಅಳತೆ ಸಿಕ್ಕಿವೆಯಾ? ಐಕ್ಯೂಆರ್, ಅಂದರೆ ಅಳತೆಗಳ ನಡುವಿನ ಏರುಪೇರು, ಮಧ್ಯದ ಅಳತೆಯ ಶೇಕಡ 30ರ ಒಳಗಿದೆಯಾ? ಕನಿಷ್ಠ 3 ಗಂಟೆ ಖಾಲಿ ಹೊಟ್ಟೆ ಇತ್ತಾ? ದಪ್ಪ ಇರುವವರಿಗೆ ಎಕ್ಸ್‌ಎಲ್ ಪ್ರೋಬ್ ಬಳಸಿದ್ದಾರಾ? ಎಷ್ಟೋ ಜಗಳ ಇಲ್ಲೇ ಮುಗಿಯುತ್ತದೆ.

ಹೆಪಟೈಟಿಸ್ ಸಿ ಗುಣವಾದ ಮೇಲೆ ಬರುವ ಗೊಂದಲ ನನಗೆ ಹೆಚ್ಚು ಚಿಂತೆ ಕೊಡುತ್ತದೆ. ಫೈಬ್ರೋಸ್ಕ್ಯಾನ್ 16 ಇದ್ದದ್ದು 8ಕ್ಕೆ ಇಳಿದರೆ ಯಾರಿಗೂ ಖುಷಿಯೇ ಅಲ್ವಾ? ಆದರೆ ಬೇಗ ಇಳಿಯುವುದು ಮುಖ್ಯವಾಗಿ ಉರಿಯೂತ. ನಾರು ಕರಗಲು ವರ್ಷಗಳೇ ಬೇಕು. ಚಿಕಿತ್ಸೆಗೆ ಮೊದಲೇ ಸಿರೋಸಿಸ್ ಇದ್ದವರಿಗೆ ಕ್ಯಾನ್ಸರ್ ತಪಾಸಣೆ ನಾನು ನಿಲ್ಲಿಸುವುದಿಲ್ಲ.

ಇಷ್ಟಾದ ಮೇಲೂ ಒಗಟು ಬಿಡದಿದ್ದರೆ ಬಯಾಪ್ಸಿಯ ಮಾತು ಎತ್ತುತ್ತೇನೆ. ಅದಕ್ಕೂ ಮಿತಿಯಿದೆ, ಸಿಗುವ ತುಂಡು ಇಡೀ ಲಿವರ್‌ನ ಸುಮಾರು 50,000ದಲ್ಲಿ ಒಂದು ಭಾಗ. ಫೈಬ್ರೋಸಿಸ್ ಹಂತ ಎಫ್1 ಅಥವಾ ಎಫ್2 (ಎರಡೂ ಸಿರೋಸಿಸ್‌ಗಿಂತ ಕೆಳಗಿನವು) ಎಂಬ ತಕರಾರಿಗೆ ಸೂಜಿ ಚುಚ್ಚಿಸುವುದು ನನಗೆ ಒಪ್ಪಿಗೆಯಿಲ್ಲ. ಸಿರೋಸಿಸ್ ಇದೆಯೋ ಇಲ್ಲವೋ ಎಂಬ ಪ್ರಶ್ನೆಯೇ ಬೇರೆ. ಇದ್ದರೆ 6 ತಿಂಗಳಿಗೊಮ್ಮೆ ಅಲ್ಟ್ರಾಸೌಂಡ್ ಬೇಕು, ಅನ್ನನಾಳದ ರಕ್ತನಾಳಗಳು ಉಬ್ಬಿವೆಯಾ ಎಂದೂ ನೋಡಬೇಕು. ಬಯಾಪ್ಸಿ ಬೇಡ ಎನ್ನುವವರಿಗೆ, ಉತ್ತರ ಸ್ಪಷ್ಟವಾಗುವವರೆಗೆ, ಸಿರೋಸಿಸ್ ಇದೆ ಎಂದೇ ಇಟ್ಟುಕೊಂಡು ಆ ಅಲ್ಟ್ರಾಸೌಂಡ್ ಮಾಡಿಸುತ್ತಾ ಹೋಗುತ್ತೇನೆ.