ಕರಣೆ ಹಿಡಿಯುವ ಮುಂಚೆ

ಪರೀಕ್ಷೆ ಮುಗಿದ ಮೇಲೆ ಪ್ರತಿ ವರ್ಷ ಒಬ್ಬಿಬ್ಬರು ಹುಡುಗರು "ಅಣ್ಣಾ, ಗಾರೆ ಕೆಲಸ ಕಲಿಸ್ತೀರಾ?" ಅಂತ ಬರುತ್ತಾರೆ. ಹದಿನೆಂಟು ತುಂಬಿರಬೇಕು, ಅದರಲ್ಲಿ ಮಾತಿಲ್ಲ. ತುಂಬಿದ್ದರೂ ಮಾರನೇ ದಿನವೇ ಸೈಟಿಗೆ ಕರೆಯುವುದಿಲ್ಲ. ಮೊದಲು ಒಂದು ವಾರ ಮನೆಯಲ್ಲೇ ಕೆಲಸ ಕೊಡುತ್ತೇನೆ.

ಒಂದು ಟೇಪು ತಗೋ. ಮನೆಯ ಬಾಗಿಲು, ಕಿಟಕಿ, ಮಂಚ ಎಲ್ಲ ಅಳೆದು ಇಂಚಿನಲ್ಲೂ ಸೆಂಟಿಮೀಟರಿನಲ್ಲೂ ಬರೆದುಕೊಂಡು ಬಾ. ಇಂಚಿನೊಳಗಿನ ಸಣ್ಣ ಗೆರೆ ಓದಲು ಬರಬೇಕು.

ಆಮೇಲೆ ಮೂಲೆ. ಅಂಗಳದಲ್ಲಿ ಗೂಟ ಹೊಡೆದು ದಾರ ಕಟ್ಟು. ಮೂಲೆಯಿಂದ ಒಂದು ದಾರದ ಮೇಲೆ 3 ಅಡಿಗೆ, ಇನ್ನೊಂದರ ಮೇಲೆ 4 ಅಡಿಗೆ ಗುರುತು ಹಾಕು. ಗುರುತುಗಳ ನಡುವೆ ಸರಿಯಾಗಿ 5 ಅಡಿ ಬಂದರೆ ಮೂಲೆ ಸರಿ ಇದೆ. ಜಾಸ್ತಿ ಬಂದರೆ ಹೊರಕ್ಕೆ ತೆರೆದಿದೆ, ಕಮ್ಮಿ ಬಂದರೆ ಒಳಕ್ಕೆ ಸರಿದಿದೆ. ಜಾಗ ಇದ್ದರೆ 6, 8, 10 ಇಟ್ಟುಕೋ, ತಪ್ಪು ಬೇಗ ಕಾಣುತ್ತದೆ. ಕಲಿಯುವ ದಿನಗಳಲ್ಲಿ ನಾನು ಕಣ್ಣಳತೆ ನಂಬಿ ಒಂದು ಅಡುಗೆಮನೆ ಗೋಡೆ ಎಬ್ಬಿಸಿದ್ದೆ. ನೋಡಲು ಚೆನ್ನಾಗೇ ಇತ್ತು. ನೆಲಕ್ಕೆ ಟೈಲ್ಸ್ ಹಾಕುವಾಗ ಗೊತ್ತಾಯಿತು, ಗೋಡೆ ಪಕ್ಕದ ಸಾಲು ಒಂದು ತುದಿಯಲ್ಲಿ ನಾಲ್ಕು ಬೆರಳು, ಇನ್ನೊಂದು ತುದಿಯಲ್ಲಿ ಎರಡೇ ಬೆರಳು! ಮೇಸ್ತ್ರಿ ಬೈಯಲಿಲ್ಲ. ಆ ಸಾಲಿನ ಅಷ್ಟೂ ಟೈಲನ್ನು ನನ್ನ ಕೈಯಲ್ಲೇ ಕುಯ್ಯಿಸಿದರು.

ಗೋಡೆ ನೆಟ್ಟಗಿದೆಯಾ ನೋಡುವ ತೂಕದ ಗುಂಡು, ಸಮತಟ್ಟಾಗಿದೆಯಾ ನೋಡುವ ರಸಮಟ್ಟ ಹಿಡಿಯುವುದನ್ನು ನಾನೇ ತೋರಿಸುತ್ತೇನೆ. ನೀರಿನ ಪೈಪಿನ ಮಟ್ಟ ಮಾತ್ರ ಮನೆಯಲ್ಲೇ ಆಡಿ ನೋಡು: ಒಳಗಿನ ನೀರು ಕಾಣುವ ಪೈಪು, ಎರಡೂ ತುದಿಯಲ್ಲಿ ನೀರು ಒಂದೇ ಎತ್ತರಕ್ಕೆ ನಿಲ್ಲುತ್ತದೆ, ಅಲ್ಲಿಗೆ ಗುರುತು ಹಾಕುವುದು. ಪೈಪಿನಲ್ಲಿ ಒಂದು ಗುಳ್ಳೆ ಉಳಿದರೂ ಲೆಕ್ಕ ತಪ್ಪುತ್ತದೆ.

ಮಾಲು ಕಲಸುವುದು ಸುಮ್ನೆ ಕೂಲಿ ಕೆಲಸ ಅಂದುಕೊಳ್ಳಬೇಡ. ಇಟ್ಟಿಗೆ ಗೋಡೆಗೆ ಸಾಮಾನ್ಯವಾಗಿ ಒಂದು ಪಾಲು ಸಿಮೆಂಟಿಗೆ ಆರು ಪಾಲು ಮರಳು. ಎರಡನ್ನೂ ಒಂದೇ ಬಾಂಡ್ಲಿಯಲ್ಲಿ ಅಳೆ. ಒಂದೇ ಬಣ್ಣ ಬರುವ ತನಕ ಒಣಗಿದ್ದಾಗಲೇ ಕಲಸು, ಆಮೇಲೆ ನೀರು. ಅರ್ಧ ಗಂಟೆಯಲ್ಲಿ ಮುಗಿಯುವಷ್ಟೇ ಕಲಸು. ಗಟ್ಟಿಯಾದ ಮಾಲಿಗೆ ಮತ್ತೆ ನೀರು ಹಾಕುವವರಿದ್ದಾರೆ, ಅವರನ್ನು ನೋಡಿ ಕಲಿಯಬೇಡ.

ಹವಾಯಿ ಚಪ್ಪಲಿಯಲ್ಲಿ ಬಂದರೆ ವಾಪಸ್ ಕಳಿಸುತ್ತೇನೆ. ಹಸಿ ಸಿಮೆಂಟು ಚರ್ಮ ಸುಡುತ್ತದೆ, ಸುಡುವಾಗ ಗೊತ್ತೇ ಆಗುವುದಿಲ್ಲ. ಬೂಟು, ಕೈಗವಸು ಬೇಕು. 50 ಕೆ.ಜಿ. ಚೀಲವನ್ನು ಒಬ್ಬನೇ ಎತ್ತಿ ಗಂಡಸುತನ ತೋರಿಸುವುದು ಬೇಡ.

ಒಂದು ಸಣ್ಣ ನೋಟ್‌ಬುಕ್ಕಿನಲ್ಲಿ ತಾರೀಖು, ಸೈಟು, ಕೂಲಿ ಮೊದಲ ದಿನದಿಂದಲೇ ಬರೆ. ವರ್ಷದಲ್ಲಿ 90 ದಿನ ಕೆಲಸ ಮಾಡಿದ್ದರೆ ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯ ಕಾರ್ಡಿಗೆ ಅರ್ಜಿ ಹಾಕಬಹುದು. ಆಗ ದಿನಗಳ ಲೆಕ್ಕ ಬೇಕಾಗುತ್ತದೆ. ಪುಸ್ತಕ ಪ್ಲಾಸ್ಟಿಕ್ ಕವರಿನಲ್ಲಿರಲಿ, ನನ್ನ ಮೊದಲನೇದು ನೀರಿನ ಡ್ರಮ್ಮಿಗೆ ಬಿತ್ತು.